ಮಾವಿನ ಮರಕ್ಕೆ ನೀರು ನಿಲ್ಲಿಸಿದ ಮೇಲೆ

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರಗಳ ಪಕ್ಕದಲ್ಲಿ ನನ್ನ ಗಿಡ ಕತ್ತರಿ, ಕುಡುಗೋಲು, ಗುದ್ದಲಿಗಳೂ ಕುಂಕುಮ ಇಟ್ಟುಕೊಂಡು ಕೂರುತ್ತವೆ. ವಿಜಯದಶಮಿ ಕಳೆದು ಮಳೆ ಕೊಂಚ ಬಿಡುವು ಕೊಟ್ಟ ಬೆಳಿಗ್ಗೆ ಆ ಕತ್ತರಿ ಮೊದಲು ಗುಲಾಬಿಯ ಮೇಲೆ ಬೀಳುತ್ತದೆ. ಅಲ್ಲಿಂದ ಶಿವರಾತ್ರಿಯವರೆಗೆ ನನ್ನ ಲೆಕ್ಕದಲ್ಲಿ ಚಳಿಗಾಲದ ಕೆಲಸ.

ನಮ್ಮದು ಮೈಸೂರು. ಮನೆ ಕಟ್ಟಿ ಉಳಿದ ಜಾಗವೇ ಹಿತ್ತಲು. ಅದರಲ್ಲಿ ಒಂದು ಬಾದಾಮಿ ಮಾವಿನ ಮರ, ನಾಲ್ಕು ಬಾಳೆ, ಮೂರು ದುಂಡುಮಲ್ಲಿಗೆ ಗಿಡ, ಕಾಂಪೌಂಡಿಗೆ ಹಬ್ಬಿಸಿದ ಅವರೆ, ಒಂದಷ್ಟು ಕುಂಡಗಳು. ಮೊಬೈಲಿನಲ್ಲಿ ಚಳಿಗಾಲದ ತೋಟಗಾರಿಕೆ ಎಂದು ಹುಡುಕಿದರೆ ಹಿಮ ಬೀಳುವ ದೇಶದವರು ಗಿಡಗಳಿಗೆ ಹೊದಿಕೆ ಹೊದಿಸುವುದು ಕಾಣಿಸುತ್ತದೆ. ಇಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ 15-16 ಡಿಗ್ರಿಗೆ ಇಳಿದರೆ ನಾವು ಸ್ವೆಟರ್ ಹುಡುಕುತ್ತೇವೆಯೇ ಹೊರತು ಗಿಡಗಳಿಗೆ ಅದು ಚಳಿಯೇ ಅಲ್ಲ. ಅವುಗಳ ಪಾಲಿಗೆ ಚಳಿಗಾಲವೆಂದರೆ ಮಳೆ ನಿಲ್ಲುವುದು, ಹಗಲು ಕಿರಿದಾಗುವುದು, ಇಬ್ಬನಿ ಬೀಳುವುದು. ಇದು ನನಗೆ ತಿಳಿದದ್ದು ತಡವಾಗಿ, ಮಾವಿನ ಮರದಿಂದ.

ಕಸಿ ಗಿಡ ತಂದು ನೆಟ್ಟ ಐದನೆಯ ವರ್ಷ ಅದು ಹೂ ಬಿಟ್ಟಿತು. ಆಮೇಲೆ ಎರಡು ವರ್ಷ ಸುಮ್ಮನಾಯಿತು. ಆ ಹೊತ್ತಿಗೆ ನಾನು ಜಾಣತನವೆಂದುಕೊಂಡು ಒಂದು ಕೆಲಸ ಮಾಡಿದ್ದೆ. ಬಟ್ಟೆ ಒಗೆಯುವ ಕಲ್ಲಿನಿಂದ ಮಾವಿನ ಬುಡಕ್ಕೆ ಕಾಲುವೆ ತೆಗೆದಿದ್ದೆ. ದಿನಕ್ಕೆ ನಾಲ್ಕಾರು ಬಿಂದಿಗೆ ನೀರು ತಾನಾಗಿ ಹೋಗುತ್ತಿತ್ತು. ಡಿಸೆಂಬರಿನಲ್ಲಿ ಮರದ ತುಂಬ ತಾಮ್ರದ ಬಣ್ಣದ ಚಿಗುರು. ಬಂದವರಿಗೆಲ್ಲ ತೋರಿಸಿ ಬೀಗಿದ್ದೂ ಆಯಿತು. ಅಕ್ಕಪಕ್ಕದ ಬೀದಿಯ ಮರಗಳೆಲ್ಲ ಹೂಗೊಂಚಲು ಹೊತ್ತು ನಿಂತಾಗ ನನ್ನದು ಮಾತ್ರ ಬರೀ ಎಲೆ.

ಬೀದಿಯಲ್ಲಿ ಸೈಕಲ್ ಮೇಲೆ ಗೊಬ್ಬರ ಮಾರುತ್ತಾ, ಕರೆದರೆ ತೋಟದ ಕೆಲಸವನ್ನೂ ಮಾಡಿಕೊಡುವ ಹಿರಿಯರೊಬ್ಬರಿದ್ದರು. ಕಾಲುವೆ ನೋಡಿದವರೇ ಸೈಕಲ್‌ಗೆ ಸ್ಟ್ಯಾಂಡ್ ಹಾಕಿ ನಕ್ಕರು. "ಅಮ್ಮಾ, ಹೊಟ್ಟೆ ತುಂಬಿದ ಮರ ಎಲೆ ಬಿಡುತ್ತದೆ. ಬಾಯಾರಿದ ಮರ ಹೂ ಬಿಡುತ್ತದೆ. ಈ ನೀರನ್ನು ಬಾಳೆಗೆ ತಿರುಗಿಸಿ," ಎಂದರು. ಎರಡು ಇಟ್ಟಿಗೆ, ಒಂದು ಬುಟ್ಟಿ ಮಣ್ಣು. ಹತ್ತು ನಿಮಿಷದಲ್ಲಿ ನೀರು ಬಾಳೆಯ ಪಾಲಾಯಿತು.

ಮರುವರ್ಷ ಜನವರಿಯಲ್ಲಿ ಹೂ ಬಂತು. ಪೂರ್ತಿ ಶ್ರೇಯಸ್ಸನ್ನು ಆ ಇಟ್ಟಿಗೆಗಳಿಗೇ ಕೊಡಲಾರೆ. ಬಾದಾಮಿ ಒಂದು ವರ್ಷ ಬಿಟ್ಟು ಒಂದು ವರ್ಷ ಫಸಲು ಕೊಡುವ ಜಾತಿ, ಅದರ ಸರದಿಯೂ ಇದ್ದಿರಬಹುದು. ಆದರೂ ಅಂದಿನಿಂದ ಅಕ್ಟೋಬರ್ ಕೊನೆಗೆ ನೀರು ನಿಲ್ಲಿಸಿದರೆ ಕಾಯಿ ಗೋಲಿ ಗಾತ್ರ ಆಗುವವರೆಗೆ ಒಂದು ಚೊಂಬು ನೀರನ್ನೂ ಬುಡಕ್ಕೆ ಹಾಕುವುದಿಲ್ಲ. ಆ ತಿಂಗಳುಗಳಲ್ಲಿ ಬುಡ ಅಗೆಯುವುದಿಲ್ಲ, ಗೊಬ್ಬರ ಕೊಡುವುದಿಲ್ಲ, ರೆಂಬೆ ಕಡಿಯುವುದಿಲ್ಲ. ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸ ಎನ್ನುವುದು ಕೈಯಲ್ಲಿ ನೀರಿನ ಪೈಪು ಹಿಡಿದವರಿಗೆ ಮಾತ್ರ ಗೊತ್ತು.

ಹೂಗೊಂಚಲು ಹೊರಟ ಮೇಲೆ ದಿನಾ ಬೆಳಿಗ್ಗೆ ಕತ್ತೆತ್ತಿ ನೋಡುತ್ತೇನೆ. ಕೆಳಗಿನ ಎಲೆಗಳು ಕೈಗೆ ಅಂಟಿದರೆ ಜಿಗಿಹುಳು ಬಂದಿದೆ ಎಂದರ್ಥ. ಗೊಂಚಲಿನ ಮೇಲೆ ಬಿಳಿ ಹಿಟ್ಟು ಉದುರಿಸಿದಂತೆ ಕಂಡರೆ ಅದು ಬೂದಿ ರೋಗ. ಜಿಗಿಹುಳುವಿಗೆ ಬೇವಿನ ಎಣ್ಣೆ, ಬೂದಿ ರೋಗಕ್ಕೆ ನೀರಿನಲ್ಲಿ ಬೆರೆಯುವ ಗಂಧಕ, ಲೀಟರಿಗೆ 3 ಗ್ರಾಂ. ಎರಡನ್ನೂ ಒಟ್ಟಿಗೆ ಹೊಡೆಯಬಾರದು, ಎಲೆ ಸುಡುತ್ತದೆ. ಹೂ ಪೂರ್ತಿ ಅರಳಿದಾಗ ಏನನ್ನೂ ಸಿಂಪಡಿಸುವುದಿಲ್ಲ. ಆಗ ಮರ ಜೇನು ಮತ್ತು ನೊಣಗಳದ್ದು.

ಮಲ್ಲಿಗೆಗೂ ಇದೇ ಕಟ್ಟುನಿಟ್ಟು. ನವೆಂಬರ್ ಮಧ್ಯದಲ್ಲಿ ಹತ್ತು ಹದಿನೈದು ದಿನ ನೀರು ನಿಲ್ಲಿಸುತ್ತೇನೆ. ತಿಂಗಳ ಕೊನೆಗೆ ನೆಲದಿಂದ ಒಂದೂವರೆ ಅಡಿ ಬಿಟ್ಟು ಮೇಲಿನದನ್ನೆಲ್ಲ ಕತ್ತರಿಸಿ, ಉಳಿದ ಎಲೆಗಳನ್ನೂ ಕೈಯಿಂದ ಸವರಿ ಉದುರಿಸುತ್ತೇನೆ. ಬುಡದ ಸುತ್ತ ಮಣ್ಣು ಸಡಿಲಿಸಿ ಒಂದು ವಾರ ಬಿಸಿಲು ಕಾಣಿಸಿ, ಆಮೇಲೆ ಗಿಡಕ್ಕೊಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಬಿಡುತ್ತೇನೆ. ಮೊದಲ ಸಲ ಇದನ್ನು ಮಾಡಿದಾಗ ನಮ್ಮ ಅತ್ತೆಯವರು, "ಹಸಿರಾಗಿರುವ ಗಿಡವನ್ನು ಯಾರಾದರೂ ಹೀಗೆ ಬೋಳಿಸುತ್ತಾರೆಯೇ?" ಎಂದು ಎರಡು ದಿನ ಮಾತು ಬಿಟ್ಟಿದ್ದರು. ಮಾರ್ಚಿನಲ್ಲಿ ದಿಂಡು ಕಟ್ಟುವಷ್ಟು ಮೊಗ್ಗು ಬಂದಾಗ ಮೊದಲು ಮುಡಿದವರೂ ಅವರೇ.

ಗುಲಾಬಿಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ಹೊರಮುಖವಾಗಿರುವ ಕಣ್ಣಿನ, ಅಂದರೆ ಚಿಗುರೊಡೆಯುವ ಗಂಟಿನ, ಮೇಲೆ ಓರೆಯಾಗಿ ಕತ್ತರಿಸಿ, ಗಾಯಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಮುಲಾಮು ಹಚ್ಚಿದರೆ ಹೆಚ್ಚುಕಡಿಮೆ ಒಂದೂವರೆ ತಿಂಗಳಿಗೆ ಹೂ. ಸಂಜೆ ನೀರು ಹಾಕಿ ಎಲೆ ನೆನೆಸಬೇಡಿ. ಇಬ್ಬನಿಯೂ ಸೇರಿ ರಾತ್ರಿಯಿಡೀ ಒದ್ದೆಯಾಗಿದ್ದರೆ ಕಪ್ಪುಚುಕ್ಕೆ ರೋಗವನ್ನು ಕರೆದು ಕೂರಿಸಿದಂತೆ.

ನನ್ನನ್ನು ನಿಜವಾಗಿ ತಲೆ ಕೆರೆದುಕೊಳ್ಳುವಂತೆ ಮಾಡಿದ್ದು ಸೇವಂತಿಗೆ. ಗೇಟಿನ ಬಳಿ ಎಂಟು ಕುಂಡಗಳನ್ನು ಸಾಲಾಗಿ ಇಟ್ಟಿದ್ದೆ. ಒಂದೇ ತಾಯಿಗಿಡದ ಕಂದುಗಳು, ಒಂದೇ ಮಣ್ಣು, ಒಂದೇ ಗೊಬ್ಬರ. ಒಂದು ವರ್ಷ ನವೆಂಬರಿನಲ್ಲಿ ಮನೆಯ ಕಡೆಯ ಕುಂಡಗಳು ಹಳದಿ ಹೂ ತುಂಬಿಕೊಂಡವು; ಗೇಟಿನ ಕಡೆಯ ಮೂರು ಮಾತ್ರ ಉದ್ದುದ್ದ ಬೆಳೆಯುತ್ತಾ ಹೋದವು, ಮೊಗ್ಗಿನ ಸುಳಿವಿಲ್ಲ. ಗೊಬ್ಬರ ಹೆಚ್ಚಾಯಿತೆಂದು ಬಗೆದೆ, ಬೇರುಹುಳು ಎಂದು ಅಗೆದು ನೋಡಿದೆ. ಒಂದು ರಾತ್ರಿ ಗೇಟಿಗೆ ಬೀಗ ಹಾಕಲು ಹೋದಾಗ ಉತ್ತರ ಕಣ್ಣೆದುರೇ ಇತ್ತು. ಆ ಮಳೆಗಾಲದಲ್ಲಿ ಎದುರಿನ ಕಂಬಕ್ಕೆ ಹೊಸ ಎಲ್‌ಇಡಿ ದೀಪ ಬಂದಿತ್ತು. ಬೆಳಕು ಬೀಳುತ್ತಿದ್ದುದು ಸರಿಯಾಗಿ ಆ ಮೂರು ಕುಂಡಗಳ ಮೇಲೆ.

ಸೇವಂತಿಗೆ ರಾತ್ರಿಯ ಉದ್ದವನ್ನು ಅಳೆಯುವ ಗಿಡ. ಕತ್ತಲು ಸಾಕಷ್ಟು ಹೊತ್ತು ಸತತವಾಗಿ ಸಿಕ್ಕರೆ ಮೊಗ್ಗು, ಇಲ್ಲದಿದ್ದರೆ ಬರೀ ಎಲೆ. ರೈತರು ಹೊಲದಲ್ಲಿ ಬಲ್ಬು ಉರಿಸಿ ಹೂವನ್ನು ಬೇಕೆಂದೇ ಹಿಂದಕ್ಕೆ ತಳ್ಳುವುದೂ ಇದೇ ಗುಟ್ಟಿನಿಂದ. ನನ್ನ ಗಿಡಗಳ ಪಾಲಿಗೆ ಇನ್ನೂ ಆಷಾಢ ಮುಗಿದಿರಲಿಲ್ಲ, ಅಷ್ಟೆ. ಮೂರನ್ನೂ ಹಿತ್ತಲಿನ ಕತ್ತಲೆಗೆ ಹೊತ್ತೊಯ್ದೆ. ಸಂಕ್ರಾಂತಿ ಕಳೆದ ಮೇಲೆ ಹೂವಾದವು. ಈಗ ಗಣೇಶನ ಹಬ್ಬ ಮುಗಿಯುತ್ತಿದ್ದಂತೆ ಎಂಟೂ ಕುಂಡಗಳು ಹಿತ್ತಲಿಗೆ ಹೋಗಿ, ಮೊಗ್ಗು ಬಣ್ಣ ಕಾಣಿಸಿದ ಮೇಲೆ ಗೇಟಿಗೆ ಬರುತ್ತವೆ. ಹೂ ಮುಗಿದೊಡನೆ ಕಾಂಡವನ್ನು ಗೇಣುದ್ದಕ್ಕೆ ಕತ್ತರಿಸಿ, ಬುಡದಿಂದ ಬರುವ ಕಂದುಗಳನ್ನು ಮುಂದಿನ ವರ್ಷಕ್ಕೆ ಬೇರೆ ಮಾಡಿಡುತ್ತೇನೆ.

ನಾಡ ಅವರೆಯದೂ ಇದೇ ಜಾತಕ. ಶ್ರಾವಣದಲ್ಲಿ ಹಾಕಿದ ಬೀಜ ಕಾಂಪೌಂಡನ್ನೆಲ್ಲ ಮುಚ್ಚಿದರೂ ಹಗಲು ಕಿರಿದಾಗುವವರೆಗೆ ಹೂವಿನ ಮಾತೆತ್ತುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿಗೆ ಈ ಹಟವಿಲ್ಲ, ವರ್ಷದಲ್ಲಿ ಯಾವಾಗ ಬೇಕಾದರೂ ಕಾಯಿ ಬಿಡುತ್ತವೆ. ನಾನೂ ಬೆಳೆದು ನೋಡಿದೆ. ಕಾಯಿಗೇನೂ ಕೊರತೆಯಿಲ್ಲ, ಆದರೆ ಕಿತ್ತ ಕೈಯನ್ನು ಮೂಸಿದರೆ ಅಂಟಂಟಾದ ಆ ಸೊಗಡು ಇಲ್ಲ. ಮತ್ತೆ ಹಳೆಯ ಬೀಜಕ್ಕೇ ಮರಳಿದೆ. ಮೋಡ ಕವಿದ ದಿನಗಳಲ್ಲಿ ಎಳೆಯ ತುದಿಗೆ ಕಪ್ಪು ಹೇನು ಮುತ್ತುತ್ತದೆ. ಲೀಟರು ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಒಂದಿಷ್ಟು ಸೋಪಿನ ನೀರು ಸೇರಿಸಿ ಸಂಜೆ ಸಿಂಪಡಿಸುತ್ತೇನೆ. ತೀರಾ ಹೆಚ್ಚಾದ ತುದಿಗಳನ್ನು ಚಿವುಟಿ ಹಾಕುವುದೇ ವಾಸಿ.

ತರಕಾರಿ ಮಡಿ ಎರಡೇ. ಮೂಲಂಗಿ, ಕ್ಯಾರೆಟ್, ನವಿಲುಕೋಸು, ಕೊತ್ತಂಬರಿ. ಬೇಸಿಗೆಯಲ್ಲಿ ಎಲೆ ಬರುವ ಮೊದಲೇ ಹೂವಿಗೆ ಓಡುವ ಕೊತ್ತಂಬರಿ ಈ ಕಾಲದಲ್ಲಿ ಸಾವಧಾನವಾಗಿ ಬೆಳೆಯುತ್ತದೆ. ಬೀಜವನ್ನು ಚಪ್ಪಲಿಯಡಿ ಉಜ್ಜಿ ಎರಡು ಹೋಳು ಮಾಡಿ ಬಿತ್ತುವುದನ್ನು ಮರೆಯಬೇಡಿ. ಈ ಮಡಿಗಳಿಗೆ ಮಾತ್ರ ನೀರಿನ ಕಟ್ಟುನಿಟ್ಟು ಇಲ್ಲ.

ಜನವರಿ ಕೊನೆಗೆ ಬೀದಿಯ ಹೊಂಗೆ ಮರಗಳು ಎಲೆ ಉದುರಿಸತೊಡಗುತ್ತವೆ. ಗುಡಿಸಿ ಬೆಂಕಿ ಹಚ್ಚುವವರಿಗಿಂತ ಮುಂಚೆ ಎದ್ದು ಚೀಲ ತುಂಬಿಕೊಳ್ಳುತ್ತೇನೆ. ಮೊದಲ ವರ್ಷ ಒಣ ಎಲೆಯನ್ನು ಹಾಗೇ ಬುಡಗಳಿಗೆ ದಪ್ಪಗೆ ಹಾಸಿ, ಕೆಳಗೆ ಗೆದ್ದಲು ಸಂಸಾರ ಹೂಡಿ, ಒಂದು ದಾಸವಾಳ ಹೋಯಿತು. ಈಗ ಮೂರಡಿ ಗುಂಡಿಯಲ್ಲಿ ಒಂದು ಪದರ ಎಲೆ, ಅದರ ಮೇಲೆ ಸಗಣಿ ಬಗ್ಗಡ, ಮತ್ತೆ ಎಲೆ. ವಾರಕ್ಕೊಮ್ಮೆ ನೀರು ಚಿಮುಕಿಸಿ, ತಿಂಗಳಿಗೊಮ್ಮೆ ಮಗುಚಿದರೆ ಮುಂಗಾರಿಗೆ ಗೊಬ್ಬರ ಸಿದ್ಧ.

ಶಿವರಾತ್ರಿಯ ಹೊತ್ತಿಗೆ ಮಾವಿನ ಕಾಯಿ ಕಡಲೆಕಾಳಿನಿಂದ ಗೋಲಿಗೆ ಬಂದಿರುತ್ತದೆ. ಬೆಳಿಗ್ಗೆ ಬಟ್ಟೆ ನೆನೆಹಾಕುವ ಮೊದಲು ಹೋಗಿ ಆ ಎರಡು ಇಟ್ಟಿಗೆಗಳನ್ನು ಎತ್ತಿ ಪಕ್ಕಕ್ಕಿಡುತ್ತೇನೆ.