2.29 ಮೈಕ್ರಾನ್‌ನ ಮೆಟ್ಟಿಲು: ನೆರೆಯ ಗೆಲಾಕ್ಸಿಗಳ ಮುದಿ ನಕ್ಷತ್ರಗಳ ರೋಹಿತ ಓದುವ ಬಗೆ

ಕೆಂಪು ಮಹಾದೈತ್ಯ, ಮೀರಾ (ಉಬ್ಬಿ ತಗ್ಗುತ್ತ ಪ್ರಕಾಶ ಬದಲಿಸುವ ದೈತ್ಯ), ಕಾರ್ಬನ್ ನಕ್ಷತ್ರ, ಇವೆಲ್ಲ ಬಾಳಿನ ಕೊನೆಯ ಹಂತದಲ್ಲಿರುವ ತಣ್ಣನೆಯ ನಕ್ಷತ್ರಗಳು. ಇವುಗಳ ಬೆಳಕಿನ ಬಹುಪಾಲು ಹೊಮ್ಮುವುದು 1ರಿಂದ 2.5 ಮೈಕ್ರಾನ್‌ವರೆಗಿನ ಸಮೀಪ ಅವಕೆಂಪಿನಲ್ಲಿ. ಅಲ್ಲಿ ದೂಳಿನ ಅಡ್ಡಿಯೂ ಕಡಿಮೆ. ನಾವು ಹುಡುಕುವ ಮುಖ್ಯ ಗುರುತು, ಇವುಗಳ ರೋಹಿತದಲ್ಲಿ (ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿದ ನಕ್ಷೆ) 2.29 ಮೈಕ್ರಾನ್ ಬಳಿ ಕಾರ್ಬನ್ ಮಾನಾಕ್ಸೈಡ್ ಬೆಳಕು ಹೀರಿ ಮೂಡಿಸುವ ಮೆಟ್ಟಿಲು. ತೊಡಕಿರುವುದು ನಮ್ಮದೇ ಆಕಾಶದಲ್ಲಿ. ವಾತಾವರಣದ ಗುರುತುಗಳನ್ನು ಒಂದೊಂದಾಗಿ ಅಳಿಸಿದ ಮೇಲಷ್ಟೇ ನಕ್ಷತ್ರದ ಗುರುತು ಉಳಿಯುತ್ತದೆ. ಹೆಚ್ಚಿನ ಶ್ರಮ ಹೋಗುವುದು ಇದಕ್ಕೇ.

ಮೊದಲು ಗುರಿಯ ಆಯ್ಕೆ. ದೊಡ್ಡ ಮೆಗೆಲಾನಿಕ್ ಮೋಡ ಎಂಬ ನೆರೆಯ ಗೆಲಾಕ್ಸಿ ಸುಮಾರು 50 ಕಿಲೋಪಾರ್ಸೆಕ್ (ಒಂದು ಪಾರ್ಸೆಕ್ ಎಂದರೆ ಸುಮಾರು 3.26 ಜ್ಯೋತಿರ್ವರ್ಷ) ದೂರದಲ್ಲಿದೆ. ಅಲ್ಲಿನ ಕೆಂಪು ಮಹಾದೈತ್ಯಗಳ ಕೆ-ಕಾಂತಿಮಾನ (2.2 ಮೈಕ್ರಾನ್ ಸುತ್ತಲಿನ ಕೆ ಪಟ್ಟಿಯಲ್ಲಿ ಪ್ರಖರತೆಯ ಅಳತೆ, ಅಂಕಿ ಹೆಚ್ಚಿದಷ್ಟೂ ಮಂಕು) 7ರಿಂದ 9ರ ಆಸುಪಾಸು, 2 ಮೀಟರ್ ದೂರದರ್ಶಕಕ್ಕೂ ಅವು ಸಿಗುತ್ತವೆ. ಆಂಡ್ರೊಮಿಡಾ 780 ಕಿಲೋಪಾರ್ಸೆಕ್ ಆಚೆಗಿದೆ. ಅದೇ ಬಗೆಯ ನಕ್ಷತ್ರ ಅಲ್ಲಿ 13ರಿಂದ 15ಕ್ಕೆ ಮಂಕಾಗುತ್ತದೆ, ದೊಡ್ಡ ಕನ್ನಡಿಯೇ ಬೇಕು. ಅಷ್ಟು ದೂರದಲ್ಲಿ ಒಂದು ಆರ್ಕ್‌ಸೆಕೆಂಡ್ ಎಂದರೆ ಸುಮಾರು 3.8 ಪಾರ್ಸೆಕ್. ನೀವು ಒಂಟಿ ಎಂದುಕೊಂಡ ನಕ್ಷತ್ರದ ಜೊತೆ ಸ್ಲಿಟ್ಟಿನೊಳಗೆ (ಉಪಕರಣಕ್ಕೆ ಬೆಳಕು ಬಿಡುವ ಸೀಳು) ಇಡೀ ಗುಚ್ಛವೇ ಕೂತಿರಬಹುದು. ಹಬಲ್ ಚಿತ್ರ ಇದ್ದರೆ ಅದನ್ನು ನೋಡದೆ ಗುರಿಗಳ ಪಟ್ಟಿ ಅಂತಿಮಗೊಳಿಸಬೇಡಿ. ನಮ್ಮ ಗೆಲಾಕ್ಸಿಯ ಕೆಂಪು ಕುಬ್ಜಗಳೂ ಪಟ್ಟಿಯೊಳಗೆ ನುಸುಳುತ್ತವೆ. ಗಯಾ ಉಪಗ್ರಹದ ದತ್ತಾಂಶದಲ್ಲಿ ಎದ್ದು ಕಾಣುವ ಸ್ವಚಲನೆ (ಆಕಾಶದಲ್ಲಿ ಜಾಗ ಸರಿಯುವಿಕೆ) ಇದ್ದರೆ ಆ ನಕ್ಷತ್ರವನ್ನು ಕೈಬಿಡಿ. ಅದಕ್ಕೂ ತಪ್ಪಿಸಿಕೊಂಡ ಕುಬ್ಜ ರೋಹಿತದಲ್ಲಿ ಸಿಕ್ಕಿಬೀಳುತ್ತದೆ: 2.206 ಮೈಕ್ರಾನ್‌ನ ಸೋಡಿಯಂ, 2.263ರ ಕ್ಯಾಲ್ಸಿಯಂ ಗೆರೆಗಳು ದಟ್ಟವಾಗಿದ್ದು ಕಾರ್ಬನ್ ಮಾನಾಕ್ಸೈಡ್ ಪಟ್ಟಿ ಮಾತ್ರ ತೆಳುವಾಗಿದ್ದರೆ ಅದು ದೈತ್ಯ ಅಲ್ಲ.

ವೀಕ್ಷಣೆಯಲ್ಲಿ ನಕ್ಷತ್ರವನ್ನು ಸ್ಲಿಟ್ಟಿನ ಎರಡು ಜಾಗಗಳಲ್ಲಿ ಎ-ಬಿ-ಬಿ-ಎ ಕ್ರಮದಲ್ಲಿ ಇಟ್ಟು, ಒಂದರಿಂದ ಇನ್ನೊಂದನ್ನು ಕಳೆಯಿರಿ, ಎರಡರಲ್ಲೂ ಇರುವ ಆಕಾಶದ ಹೊಳಪು ಹೊರಹೋಗುತ್ತದೆ. ಒಂದೊಂದು ಎಕ್ಸ್‌ಪೋಷರ್ 5 ನಿಮಿಷ ಮೀರದಿರಲಿ. ಮೇಲ್ವಾತಾವರಣದ ಹೈಡ್ರಾಕ್ಸಿಲ್ ಹೊಳಪು ಕೆಲವೇ ನಿಮಿಷಗಳಲ್ಲಿ ಏರಿಳಿಯುತ್ತದೆ. ತಡವಾದರೆ ಕಳೆದ ಮೇಲೂ ಎಚ್ ಪಟ್ಟಿಯಲ್ಲಿ (1.65 ಮೈಕ್ರಾನ್ ಸುತ್ತ) ಗೆರೆಗಳ ಪಳೆಯುಳಿಕೆ ನಿಲ್ಲುತ್ತದೆ. ಪ್ರಖರವಾದ ಮಾನಕ ನಕ್ಷತ್ರ (ವಾತಾವರಣದ ಹೀರಿಕೆ ಅಳೆಯಲು ಬಳಸುವ, ರೋಹಿತ ಗೊತ್ತಿರುವ ನಕ್ಷತ್ರ) ನೋಡಿದ ಬೆನ್ನಿಗೇ ಮಂಕು ಗುರಿಗೆ ತಿರುಗಬೇಡಿ, ಡಿಟೆಕ್ಟರ್‌ನಲ್ಲಿ ಅದರ ನೆರಳು ಉಳಿದಿರುತ್ತದೆ. ಮಾನಕ ನಂತರ ಇರಲಿ, ಇಲ್ಲವೇ ಸ್ಲಿಟ್ಟಿನಲ್ಲಿ ಬೇರೆ ಜಾಗಕ್ಕೆ ಬೀಳಲಿ. ಕೆ ಪಟ್ಟಿಯ ಫ್ಲ್ಯಾಟ್‌ಗೆ (ಪಿಕ್ಸೆಲ್‌ಗಳ ಸಂವೇದನೆ ಸರಿದೂಗಿಸಲು ತೆಗೆಯುವ ಸಮ ಬೆಳಕಿನ ಚಿತ್ರ) ದೀಪ ಹಚ್ಚಿ ಒಂದು, ಆರಿಸಿ ಒಂದು ತೆಗೆದು ಕಳೆಯಿರಿ, ಉಪಕರಣದ ಬಿಸಿಯ ಪಾಲು ಹೊರಹೋಗುತ್ತದೆ.

ಮಾನಕವಾಗಿ ಎ0ವಿ ವರ್ಗದ (ವೇಗಾದಂಥ ಬಿಸಿ, ಬಿಳಿ) ನಕ್ಷತ್ರ ಒಳ್ಳೆಯದು. ಗುರಿಗೂ ಅದಕ್ಕೂ ಏರ್‌ಮಾಸ್ (ಬೆಳಕು ಹಾಯುವ ವಾತಾವರಣದ ದಪ್ಪ) ವ್ಯತ್ಯಾಸ 0.1ರೊಳಗೆ, ಸಮಯದ ಅಂತರ ಒಂದು ಗಂಟೆಯೊಳಗೆ ಇರಲಿ. ಅದರದೇ ಹೈಡ್ರೋಜನ್ ಗೆರೆಗಳನ್ನು (ಕೆ ಪಟ್ಟಿಯಲ್ಲಿ 2.166, ಜೆ ಪಟ್ಟಿಯಲ್ಲಿ 1.282 ಮೈಕ್ರಾನ್) ವೇಗಾ ನಕ್ಷತ್ರದ ಮಾದರಿಯಿಂದ ಅಳಿಸಿ. ಇಲ್ಲದಿದ್ದರೆ ಗುರಿಯ ರೋಹಿತವನ್ನು ಮಾನಕದ್ದರಿಂದ ಭಾಗಿಸಿದಾಗ ನಿಮ್ಮ ನಕ್ಷತ್ರದಲ್ಲಿ ಇಲ್ಲದ ಹೊರಸೂಸುವ ಗೆರೆ ಹುಟ್ಟುತ್ತದೆ. ಭಾಗಿಸುವ ಮುನ್ನ ಎರಡೂ ರೋಹಿತಗಳ ವಾತಾವರಣದ ಗೆರೆಗಳನ್ನು ಹೋಲಿಸಿ ಹೊಂದಿಸಿ. ಅರ್ಧ ಪಿಕ್ಸೆಲ್ ಜಾರಿದರೂ ಪ್ರತಿ ಗೆರೆಯ ಪಕ್ಕದಲ್ಲೂ ಏರು-ತಗ್ಗಿನ ಸುಕ್ಕು ಮೂಡುತ್ತದೆ. 2.3 ಮೈಕ್ರಾನ್ ಆಚೆಗೆ ಮೀಥೇನ್ ಹೆಚ್ಚಿರುವುದರಿಂದ ಅಲ್ಲಿ ಈ ಎಚ್ಚರ ಇಮ್ಮಡಿ ಇರಬೇಕು.

ಈಗ ಮುಖ್ಯ ಅಳತೆ. ಕಾರ್ಬನ್ ಮಾನಾಕ್ಸೈಡ್ ಪಟ್ಟಿಯ ಅಂಚು 2.2935 ಮೈಕ್ರಾನ್‌ನಲ್ಲಿ ಮೆಟ್ಟಿಲು ಇಳಿದಂತೆ ಥಟ್ಟನೆ ಬೀಳುತ್ತದೆ. 2.3227, 2.3535ರಲ್ಲಿ ಮತ್ತೆರಡು ಮೆಟ್ಟಿಲು. ಮೊದಲನೆಯದರ ಸಮಾನ ಅಗಲ (ಒಟ್ಟು ಹೀರಿಕೆ ಎಷ್ಟೆಂಬ ಅಳತೆ) ಅಳೆಯಲು 2.2873–2.2925ರಲ್ಲಿ ಹಿನ್ನೆಲೆಯ ಮಟ್ಟ ಹಿಡಿದು, 2.2931–2.2983ರ ನಡುವೆ ಹೀರಿಕೆಯನ್ನು ಕೂಡಿಸಬಹುದು. ಆದರೆ ಈ ಕಿಟಕಿಗಳು ನಿಶ್ಚಲ ನಕ್ಷತ್ರಕ್ಕೆ ಸಲ್ಲುವಂಥವು. ಆಂಡ್ರೊಮಿಡಾ ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ ನಮ್ಮತ್ತ ಬರುತ್ತಿದೆ, ಹಾಗಾಗಿ ಅಂಚು 2.2912ಕ್ಕೆ ಸರಿದಿರುತ್ತದೆ. ಅಂದರೆ ಹಿನ್ನೆಲೆಯ ಕಿಟಕಿಯ ಕಾಲು ಭಾಗ ಆಗಲೇ ಮೆಟ್ಟಿಲ ಕೆಳಗಿದೆ. ಹಿನ್ನೆಲೆ ತಗ್ಗುತ್ತದೆ, ಸಮಾನ ಅಗಲ ಕುಗ್ಗುತ್ತದೆ, ನಕ್ಷತ್ರ ಇರುವುದಕ್ಕಿಂತ ಬಿಸಿ ಎಂದು ಕಾಣುತ್ತದೆ. ದೂರ ಸರಿಯುತ್ತಿರುವ ದೊಡ್ಡ ಮೆಗೆಲಾನಿಕ್ ಮೋಡದಲ್ಲಿ (ಸೆಕೆಂಡಿಗೆ ಸುಮಾರು 260 ಕಿ.ಮೀ.) ಅಂಚು ಕೆಂಪಿನತ್ತ 2 ನ್ಯಾನೋಮೀಟರ್ ಸರಿದು ಹೀರಿಕೆಯ ಕಿಟಕಿಯ ಮೊದಲ ಭಾಗವೇ ಖಾಲಿಯಾಗುತ್ತದೆ. ಅಲ್ಲೂ ತಪ್ಪು ಅದೇ ದಿಕ್ಕಿಗೆ. ಆದ್ದರಿಂದ ಮೊದಲು ವೇಗ ಅಳೆಯಿರಿ, ರೋಹಿತವನ್ನು ಸರಿಸಿ, ಆಮೇಲೆ ಅಗಲ ಅಳೆಯಿರಿ. ಗಾಳಿಯ ತರಂಗಾಂತರವನ್ನೂ ನಿರ್ವಾತದ್ದನ್ನೂ ಬೆರೆಸಿದರೆ ಸೆಕೆಂಡಿಗೆ ಸುಮಾರು 80 ಕಿ.ಮೀ. ತಪ್ಪು ವೇಗ ಬರುತ್ತದೆ. ಭೂಮಿಯ ಚಲನೆಯ ತಿದ್ದುಪಡಿಯೂ 30ರವರೆಗೆ ಇರುತ್ತದೆ.

ಮೆಟ್ಟಿಲು ಆಳವಾಗಿದೆ ಎಂದಷ್ಟಕ್ಕೇ ಮಹಾದೈತ್ಯ ಎನ್ನಲಾಗದು. ತಾಪ ಇಳಿದರೂ, ಪ್ರಕಾಶ ಹೆಚ್ಚಿದರೂ, ಭಾರಧಾತುಗಳ (ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದವು) ಪ್ರಮಾಣ ಏರಿದರೂ ಅದು ಆಳವಾಗುತ್ತದೆ. 1.4 ಮತ್ತು 1.9 ಮೈಕ್ರಾನ್ ಸುತ್ತ ನೀರಾವಿಯ ಅಗಲ ತಗ್ಗು ಕಂಡರೆ ಮೀರಾ ಬಗೆಯದಿರಬಹುದು, ಆದರೆ ನಮ್ಮ ವಾತಾವರಣದ ನೀರೂ ಹೀರುವುದು ಅಲ್ಲೇ, ಆದ್ದರಿಂದ ತಗ್ಗಿನ ಅಂಚುಗಳ ಇಳಿಜಾರನ್ನು ನೋಡಿ. 1.77 ಮೈಕ್ರಾನ್‌ನಲ್ಲಿ ಎರಡು ಕಾರ್ಬನ್ ಪರಮಾಣುಗಳ ಅಣುವಿನ ಪಟ್ಟಿ, 1.1ರ ಬಳಿ ಸಯನೋಜೆನ್ ಪಟ್ಟಿ ಇದ್ದರೆ ಅದು ಕಾರ್ಬನ್ ನಕ್ಷತ್ರ: ಆಮ್ಲಜನಕವೆಲ್ಲ ಮಾನಾಕ್ಸೈಡ್‌ನಲ್ಲೇ ಮುಗಿದು ಮಿಕ್ಕ ಕಾರ್ಬನ್ ಈ ಅಣುಗಳನ್ನು ಕಟ್ಟುತ್ತದೆ. ಭಾರಧಾತು ಕಡಿಮೆಯಿರುವ ಚಿಕ್ಕ ಮೆಗೆಲಾನಿಕ್ ಮೋಡದಂಥ ಗೆಲಾಕ್ಸಿಯಲ್ಲಿ ಮುಗಿಯಬೇಕಾದ ಆಮ್ಲಜನಕವೇ ಕಡಿಮೆ, ಹಾಗಾಗಿ ಇಂಥ ನಕ್ಷತ್ರಗಳು ಹೇರಳ.

ಮಹಾದೈತ್ಯದ ಭಾರಧಾತು ಪ್ರಮಾಣ ಬೇಕಿದ್ದರೆ ಕೆ ಪಟ್ಟಿ ಬಿಟ್ಟು ಜೆ ಪಟ್ಟಿಯ 1.15–1.22 ಮೈಕ್ರಾನ್‌ಗೆ ಹೋಗಿ. ಅಣುಗಳ ಗದ್ದಲ ಅಲ್ಲಿ ಕಡಿಮೆ. ಕಬ್ಬಿಣ, ಸಿಲಿಕಾನ್, ಮೆಗ್ನೀಸಿಯಂ, ಟೈಟಾನಿಯಂ ಗೆರೆಗಳು ಬಿಡಿಬಿಡಿಯಾಗಿ ಸಿಗುತ್ತವೆ. ವಿಭೇದನ (ಹತ್ತಿರದ ತರಂಗಾಂತರಗಳನ್ನು ಬಿಡಿಸಿ ತೋರುವ ಸಾಮರ್ಥ್ಯ) 3000, ಸಂಕೇತ-ಗದ್ದಲ ಅನುಪಾತ 100 ಇದ್ದರೆ ಸಾಕಾಗುತ್ತದೆ. ಚಿಲಿಯ ವಿಎಲ್‌ಟಿ ದೂರದರ್ಶಕದ ಕೆಮಾಸ್ ಉಪಕರಣವನ್ನು 24 ಗುರಿಗಳವರೆಗೆ ಒಟ್ಟಿಗೇ ಹೀಗೆ ನೋಡಲೆಂದು ಕಟ್ಟಲಾಗಿತ್ತು. ಮಾದರಿ ಹೊಂದಿಸುವಾಗ ಸ್ಥಳೀಯ ಉಷ್ಣ ಸಮತೋಲ (ಪರಮಾಣುಗಳ ಸ್ಥಿತಿಯನ್ನು ಆ ಜಾಗದ ತಾಪವೇ ನಿರ್ಧರಿಸುತ್ತದೆ ಎಂಬ ಊಹೆ) ಇಲ್ಲದ ಲೆಕ್ಕವನ್ನೇ ಬಳಸಿ, ಸಿಲಿಕಾನ್ ಮತ್ತು ಟೈಟಾನಿಯಂ ಗೆರೆಗಳಿಗೆ ಆ ಲೆಕ್ಕವಿಲ್ಲದೆ ಉತ್ತರ ವಾಲುತ್ತದೆ.

ಮೀರಾಗಳಿಗೆ ಇನ್ನೊಂದು ಮಾತು: ಅವು ನೂರಾರು ದಿನಗಳ ಆವರ್ತದಲ್ಲಿ ಉಬ್ಬಿ ತಗ್ಗುತ್ತವೆ, ನೀರಾವಿಯ ಆಳವೂ ಜೊತೆಗೇ ಬದಲಾಗುತ್ತದೆ. ಪ್ರತಿ ರೋಹಿತದ ಪಕ್ಕದಲ್ಲಿ ಜೂಲಿಯನ್ ದಿನಾಂಕ (ಖಗೋಳಶಾಸ್ತ್ರದಲ್ಲಿ ಬಳಸುವ ಸತತ ದಿನಗಳ ಎಣಿಕೆ) ಬರೆದಿಡಿ, ಬೆಳಕಿನ ವಕ್ರರೇಖೆ (ಪ್ರಕಾಶ ದಿನದಿಂದ ದಿನಕ್ಕೆ ಬದಲಾಗುವ ನಕ್ಷೆ) ಸಿಕ್ಕ ದಿನ ಅದನ್ನು ಆವರ್ತದ ಹಂತಕ್ಕೆ ತಿರುಗಿಸಿಕೊಳ್ಳಬಹುದು.