ಅವುಲು ಉಂಡು

ಹೆಡ್ ಕಾನ್ಸ್‌ಟೇಬಲ್ ಅಂಗಳದಿಂದ ಒಂದು ಅಡಿಕೆ ಹೆಕ್ಕಿದರು. ಕಿವಿ ಹತ್ತಿರ ಹಿಡಿದು ಕುಲುಕಿದರು. ಆಮೇಲೆ ನನ್ನ ಕಿವಿ ಹತ್ತಿರ ತಂದು ಕುಲುಕಿದರು.

‘ಎಂತ ಕೇಳ್ತದೆ ಮಾಷ್ಟ್ರೆ?’

ಏನೂ ಕೇಳಲಿಲ್ಲ. ಹಾಗೆಯೇ ಹೇಳಿದೆ.

‘ಅದೇ ಮತ್ತೆ. ಬರ್ಕೊಳ್ಳಿ.’

ಏನನ್ನು ಬರೆದುಕೊಳ್ಳುವುದು ಅಂತ ನನಗೆ ತಿಳಿಯಲಿಲ್ಲ. ಬರೆದುಕೊಳ್ಳಲೂ ಇಲ್ಲ. ಆ ಕೇಸು ಆಮೇಲೆ ಬಿದ್ದುಹೋದದ್ದಕ್ಕೆ ಇದೂ ಒಂದು ಕಾರಣ.

ನಾನು ಪೊಲೀಸ್ ಕೆಲಸಕ್ಕೆ ಸೇರಿದ್ದು 1996ರಲ್ಲಿ. ಕಾಸರಗೋಡು ವಿದ್ಯಾನಗರದ ಸರಕಾರಿ ಕಾಲೇಜಿನಲ್ಲಿ ಕನ್ನಡ ಬಿ.ಎ. ಮುಗಿಸಿ, ಬೇರೆ ಕೆಲಸ ಸಿಗದೆ ಕೇರಳದ ಪಿ.ಎಸ್.ಸಿ. ಪರೀಕ್ಷೆ ಬರೆದು ಕಾನ್ಸ್‌ಟೇಬಲ್ ಆದವನು. ಠಾಣೆಯಲ್ಲಿ ಡಿಗ್ರಿ ಇದ್ದವರು ಆಗ ಕಡಿಮೆ. ಹೆಡ್ ನನ್ನನ್ನು ಕರೆಯುತ್ತಿದ್ದದ್ದೇ ‘ಮಾಷ್ಟ್ರು’ ಅಂತ. ಅದರಲ್ಲಿ ಮರ್ಯಾದೆ ಎಷ್ಟು, ತಮಾಷೆ ಎಷ್ಟು ಅಂತ ನಾನು ಲೆಕ್ಕ ಹಾಕಲು ಹೋಗಲಿಲ್ಲ. ಅವರು ಎಸ್ಸೆಸ್ಸೆಲ್ಸಿ ಹೇಗೋ ದಾಟಿದವರು. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಮಾತಾಡುತ್ತಿದ್ದರು. ನಾಲ್ಕು ಸಾಲು ಬರೆಯಬೇಕು ಅಂದರೆ ಮಾತ್ರ ಬೀಡಿ ಹಚ್ಚಿಕೊಂಡು ಹೊರಗೆ ನಡೆಯುತ್ತಿದ್ದರು.

ಅಡಿಕೆ ಕಳವಾದದ್ದು ಬದಿಯಡ್ಕ ಕಡೆಯ ಒಂದು ತೋಟದ ಮನೆಯಲ್ಲಿ. ಅಂಗಳದಲ್ಲಿ ಒಣಗಲು ಹಾಕಿದ್ದರಲ್ಲಿ ನಾಲ್ಕು ಗೋಣಿಯಷ್ಟು ರಾತ್ರೋರಾತ್ರಿ ಹೋಗಿತ್ತು. ನಾನು ಕಲಿತ ಹಾಗೆ ಅಂಗಳದ ನಕ್ಷೆ ಮಾಡಿದೆ. ಅಕ್ಕಪಕ್ಕದವರನ್ನು ಕೇಳಿದೆ. ಯಾರ ಮೇಲಾದರೂ ಸಂಶಯ ಉಂಟಾ? ಎಲ್ಲರದ್ದೂ ಒಂದೇ ಉತ್ತರ, ಗೊತ್ತಿಲ್ಲ.

ಹೆಡ್ ಯಾರನ್ನೂ ಕೇಳಲಿಲ್ಲ. ಉಳಿದ ಅಡಿಕೆ ಕುಲುಕಿ ನೋಡಿದರು, ಅಷ್ಟೇ. ಚಾಲಿ ಅಡಿಕೆ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಹಾಕುವ ಅಡಿಕೆ, ಸರಿಯಾಗಿ ಒಣಗಲು ನಲವತ್ತು, ನಲವತ್ತೈದು ದಿನದ ಬಿಸಿಲು ಬೇಕು. ಒಣಗಿದ್ದನ್ನು ಕುಲುಕಿದರೆ ಸಿಪ್ಪೆಯೊಳಗೆ ಕಟಕಟ ಅನ್ನುತ್ತದೆ. ಇದು ಅನ್ನಲಿಲ್ಲ. ಅಂದರೆ ಕದ್ದವನ ಹತ್ತಿರ ಇರುವುದು ಅರೆ ಒಣಗಿದ ಮಾಲು. ಮನೆ ಮುಂದೆ ಹರಡಿ ಇನ್ನೂ ಇಪ್ಪತ್ತು ದಿನ ಒಣಗಿಸೋಣ ಅಂದರೆ, ತೋಟವೇ ಇಲ್ಲದವನ ಅಂಗಳದಲ್ಲಿ ಅಡಿಕೆ ಎಲ್ಲಿಂದ ಬಂತು ಅಂತ ಊರು ಕೇಳುತ್ತದೆ. ಹಾಗಾಗಿ ಹಾಗೇ ಮಾರಲೇಬೇಕು. ತೋಟ ಇದ್ದವನು ಅರೆ ಒಣಗಿದ್ದನ್ನು ಚಾಲಿ ಅಂತ ಅಂಗಡಿಗೆ ತರುವುದಿಲ್ಲ.

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಿದೆವು. ಅಡಿಕೆ ಅಂಗಡಿಗಳಲ್ಲಿ ಒಂದೇ ಪ್ರಶ್ನೆ: ‘ಈ ವಾರ ಹಸಿ ಹಸಿ ಮಾಲು ತಂದವರು ಯಾರಾದರೂ ಉಂಟಾ?’ ಮೂರು ಅಂಗಡಿಯಲ್ಲಿ ಇಲ್ಲ ಅಂದರು. ನಾಲ್ಕನೆಯವರು, ‘ಒಬ್ಬ ಬಂದಿದ್ದ, ಒಣಗಿಸಿ ತಾ ಮಾರಾಯ ಅಂತ ವಾಪಸು ಕಳಿಸಿದೆ’ ಅಂದರು. ಎರಡೇ ದಿನ. ಆಳು ಸಿಕ್ಕಿದ.

ಇಷ್ಟಕ್ಕೇ ನಿಲ್ಲಿಸಿದರೆ ಇದು ನಮ್ಮ ಠಾಣೆಗಳಲ್ಲಿ ಎಲ್ಲರೂ ಹೇಳುವ ಕಥೆ. ಓದಿದವನು ನಕ್ಷೆ ಬರೆಯುತ್ತಾ ಕೂತ, ಓದದವನು ಕಳ್ಳನನ್ನು ಹಿಡಿದ. ನಾನೂ ಎಷ್ಟೋ ಸಲ ಇಲ್ಲಿಗೇ ನಿಲ್ಲಿಸಿ ಹೇಳಿದ್ದೇನೆ. ಜನ ನಗುತ್ತಾರೆ. ಆದರೆ ಕೇಸು ಅಲ್ಲಿಗೆ ಮುಗಿಯಲಿಲ್ಲ ಅಲ್ವಾ?

ಠಾಣೆಯಲ್ಲಿ ಅವನು ಬಾಯಿ ಬಿಟ್ಟದ್ದು ತುಳುವಿನಲ್ಲಿ. ಊರ ಆಚೆ ಒಂದು ಪಾಳು ಕೊಟ್ಟಿಗೆ. ಅದರ ಹೆಸರು ಹೇಳಿ, ‘ಅವುಲು ಉಂಡು’ ಅಂದ. ಅಲ್ಲಿ ಉಂಟು ಅಂತ. ಹೋಗಿ ನೋಡಿದರೆ ಗೋಣಿಗಳು ಅಲ್ಲೇ ಇದ್ದವು. ಬರೆಯುವವನು ನಾನು. ಠಾಣೆಯ ಬರವಣಿಗೆ ಮಲಯಾಳದಲ್ಲಿ. ನನ್ನ ಮಲಯಾಳ ಚೆನ್ನಾಗಿಯೇ ಇತ್ತು, ಬಹುಶಃ ಜಾಸ್ತಿಯೇ ಚೆನ್ನಾಗಿತ್ತು. ಮಾತು ಪೂರ್ತಿಯಾಗಿ ಇರಲಿ ಅಂತ ‘ನಾನು ಅಲ್ಲಿ ಇಟ್ಟಿದ್ದೇನೆ’ ಅಂತ ಬರೆದೆ. ಮೋಸ ಮಾಡುವ ಉದ್ದೇಶ ಖಂಡಿತ ಇರಲಿಲ್ಲ. ಇಟ್ಟವನು ಅವನೇ ಅಂತ ನಮಗೆಲ್ಲ ಗೊತ್ತಿತ್ತು.

ಪೊಲೀಸರ ಎದುರು ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಹಳೆ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಅದನ್ನು ಹೇಳುತ್ತಿತ್ತು. 27ನೇ ಸೆಕ್ಷನ್ ಒಂದು ಸಣ್ಣ ಕಿಂಡಿ ಬಿಟ್ಟಿತ್ತು. ಕಸ್ಟಡಿಯಲ್ಲಿರುವವನು ಹೇಳಿದ ಮಾತಿನಿಂದ ಮಾಲು ಸಿಕ್ಕಿದರೆ, ಆ ಸಿಕ್ಕಿದ್ದಕ್ಕೆ ನೇರ ಸಂಬಂಧಪಟ್ಟ ಮಾತಿನ ತುಂಡು ಮಾತ್ರ ಒಳಗೆ ಬರುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಇದು 23ನೇ ಸೆಕ್ಷನ್‌ನೊಳಗೆ ಸೇರಿದೆ. ಆ ಕಿಂಡಿ ಎಷ್ಟು ಸಣ್ಣದು ಅಂತ 1946ರಲ್ಲೇ ಪ್ರಿವಿ ಕೌನ್ಸಿಲ್, ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು, ಬಿಡಿಸಿ ಹೇಳಿತ್ತು. ತರಬೇತಿಯಲ್ಲಿ ನಮಗೂ ಪಾಠ ಆಗಿತ್ತು. ಪರೀಕ್ಷೆಯಲ್ಲಿ ಬರೆದು ಒಳ್ಳೆ ಮಾರ್ಕೂ ತೆಗೆದಿದ್ದೆ.

ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರಿಗೆ ತುಳು ಬರುತ್ತಿತ್ತು.

‘ಇವನು ಯಾವ ಭಾಷೆಯಲ್ಲಿ ಹೇಳಿದ?’

‘ತುಳುವಿನಲ್ಲಿ.’

‘ಅದನ್ನು ತುಳುವಿನಲ್ಲೇ ಹೇಳಿ.’

ಪ್ರಮಾಣ ಮಾಡಿ ನಿಂತಿದ್ದೆ. ‘ಅವುಲು ಉಂಡು’ ಅಂದೆ. ಹೇಳುವಾಗಲೇ ನನಗೆ ಕಾಲಡಿಯ ಹಲಗೆ ಸರಿದ ಹಾಗಾಯಿತು. ವಕೀಲರು ಅವಸರ ಮಾಡಲಿಲ್ಲ. ‘ನಾನು ಇಟ್ಟಿದ್ದೇನೆ ಅನ್ನಲು ತುಳುವಿನಲ್ಲಿ ಎಂತ ಹೇಳುತ್ತಾರೆ?’

‘ಯಾನ್ ದೀತೆ.’

‘ಹಾಗೆ ಹೇಳಿದನಾ?’

‘ಇಲ್ಲ.’

ಒಂದು ವಸ್ತು ಎಲ್ಲಿದೆ ಅಂತ ಗೊತ್ತಿರುವುದು ಬೇರೆ, ಅದನ್ನು ಅಲ್ಲಿ ಅಡಗಿಸಿದ್ದು ಬೇರೆ. ಕೊಟ್ಟಿಗೆಗೆ ಬಾಗಿಲೂ ಇರಲಿಲ್ಲ, ದಾರಿಯಲ್ಲಿ ಹೋಗುವ ಯಾರಿಗೂ ಕಾಣುವಂಥದ್ದು. ಇನ್ನು ಹಿಡಿದ ಮಾಲು, ನಮ್ಮ ಠಾಣೆ ಮಾತಿನಲ್ಲಿ ತೊಂಡಿ. ಅಡಿಕೆಗೆ ಹೆಸರು ಬರೆದಿರುತ್ತದಾ? ಇಂಥವರ ಅಂಗಳದ್ದೇ ಅಂತ ಹೇಳುವುದು ಹೇಗೆ? ಅರೆ ಒಣಗಿತ್ತು, ಅಂಗಳದಲ್ಲಿ ಉಳಿದದ್ದೂ ಅಷ್ಟೇ ಒಣಗಿತ್ತು ಅಂತ ಮಹಜರಿನಲ್ಲಿ ಒಂದು ಸಾಲು ಇದ್ದಿದ್ದರೆ ಸ್ವಲ್ಪ ಹಿಡಿತ ಸಿಗುತ್ತಿತ್ತು. ಹೆಡ್ ಬರ್ಕೊಳ್ಳಿ ಅಂದದ್ದು ಅದನ್ನೇ. ನಾನು ಬರೆದದ್ದು ‘ಅಡಿಕೆ, ನಾಲ್ಕು ಗೋಣಿ’. ಗೋಣಿಯ ಬಾಯಿ ಯಾವ ಹಗ್ಗದಲ್ಲಿ ಕಟ್ಟಿತ್ತು ಅಂತಲೂ ಇರಲಿಲ್ಲ.

ಅವನು ಬಿಡುಗಡೆಯಾದ. ಅಷ್ಟೊತ್ತಿಗೆ ಹೆಡ್ ನಿವೃತ್ತರಾಗಿದ್ದರು. ಕುಂಬಳೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ವಿಷಯ ಹೇಳಿದೆ. ‘ನಾನು ಹಿಡಿದು ಕೊಟ್ಟೆ. ನೀವು ಬರೆದು ಬಿಟ್ರಿ’ ಅಂದರು. ಬೈಯಲಿಲ್ಲ. ಚಾ ಕುಡಿಸಿದರು. ಅವರ ಮಾತು ಅರ್ಧ ಸರಿ. ಬರೆದದ್ದಕ್ಕೆ ಬಿದ್ದದ್ದಲ್ಲ, ಕೇಳಿದ್ದನ್ನು ಕೇಳಿದ ಹಾಗೆ ಬರೆಯದೆ ಬಿದ್ದದ್ದು. ತುಳುವಿಗೂ ಮಲಯಾಳಕ್ಕೂ ನಡುವೆ ಇದ್ದವನು ನಾನೊಬ್ಬನೇ. ಎರಡೂ ಬರುವವನು ಅಂತ ಕೂರಿಸಿದ್ದು ಅದಕ್ಕೇ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಆಡಿದವನ ಮಾತು ಯಾವ ಭಾಷೆಯಲ್ಲಿ ಇದೆಯೋ ಅದೇ ಮಾತು ಮೊದಲು. ತುಳುವಾದರೆ ಕನ್ನಡ ಅಕ್ಷರದಲ್ಲಿ. ಅದರ ಕೆಳಗೆ ಮಲಯಾಳದಲ್ಲಿ ಅರ್ಥ. ಮೇಲಿನವರು ಕೆಲವರು ಗೊಣಗಿದರು, ಎರಡೆರಡು ಕೆಲಸ ಯಾಕೆ ಅಂತ. ಕೇಸಿನ ಕಡತ ದಪ್ಪವಾಯಿತು, ನಿಜ. ಕಾಸರಗೋಡು ಜಿಲ್ಲೆಯಲ್ಲಿ ದೂರು ಕೊಡುವವನು ಒಂದು ಭಾಷೆ, ಬರೆಯುವವನು ಇನ್ನೊಂದು ಭಾಷೆ, ತೀರ್ಪು ಮೂರನೆಯದ್ದರಲ್ಲಿ ಬರುವುದು ಮಾಮೂಲು. ಬೇರೆ ಜಿಲ್ಲೆಯಲ್ಲಿ ಕಲಿತ ಪಾಠ ಇಲ್ಲಿಗೆ ಸಾಕಾಗುವುದಿಲ್ಲ.

ಹಳಬರ ಅನುಭವ ಎಲ್ಲವೂ ಚಿನ್ನ ಅಂತಲೂ ನಾನು ಒಪ್ಪುವುದಿಲ್ಲ. ಸಾಕ್ಷಿಯ ಹೇಳಿಕೆಗೆ ಅವನ ಸಹಿ ಹಾಕಿಸಿದರೆ ಗಟ್ಟಿ ಅಂತ ಹಳಬರೊಬ್ಬರು ಬಲವಾಗಿ ನಂಬಿದ್ದರು. ಕಾನೂನು ಹೇಳುವುದು ಸರೀ ಉಲ್ಟಾ. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಹೇಳಿದವನ ಸಹಿ ಹಾಕಿಸಬಾರದು. ಹಳೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದು 162ನೇ ಸೆಕ್ಷನ್, ಹೊಸದರಲ್ಲಿ 181. ಇನ್ನು ಎರಡು ಏಟು ಬಿಟ್ಟರೆ ಎಲ್ಲ ಹೊರಗೆ ಬರುತ್ತದೆ ಅನ್ನುವವರೂ ಇದ್ದರು. ಅದನ್ನೇ ಅವರು ಬುದ್ಧಿವಂತಿಕೆ ಅಂತ ತಿಳಿದಿದ್ದರು. ಬಂಧಿಸುವಾಗ ಏನೇನು ಪಾಲಿಸಬೇಕು ಅಂತ ಸುಪ್ರೀಂ ಕೋರ್ಟು ಡಿ.ಕೆ. ಬಸು ಕೇಸಿನಲ್ಲಿ ಪಟ್ಟಿ ಮಾಡಿ ಹೇಳಿದ್ದು ನಾನು ಸೇರಿದ ವರ್ಷವೇ, 1996ರ ಡಿಸೆಂಬರಿನಲ್ಲಿ. ಅದನ್ನು ಗೋಡೆಯ ಮೇಲೆ ಓದಿದವರೆಲ್ಲ ಪಾಲಿಸಿದರು ಅಂತ ಹೇಳಿದರೆ ಸುಳ್ಳಾಗುತ್ತದೆ. ಏಟು ತಿಂದವನು ನೋವು ನಿಲ್ಲಲಿ ಅಂತ ಯಾರ ಹೆಸರನ್ನಾದರೂ ಹೇಳುತ್ತಾನೆ. ನಮ್ಮ ಹೆಡ್ ಕೈ ಎತ್ತಿದ್ದು ನಾನು ನೋಡಿಲ್ಲ. ಕುಲುಕಿದ್ದು ಅಡಿಕೆಯನ್ನು ಮಾತ್ರ.

ಚುರುಕುತನ ವಯಸ್ಸಾದವರ ಸ್ವತ್ತೂ ಅಲ್ಲ. ಒಮ್ಮೆ ಒಬ್ಬ ಹೆಂಗಸು ಠಾಣೆಗೆ ಬಂದು ಬೆಂಚಿನಲ್ಲಿ ಕೂತರು. ಏನು ವಿಷಯ ಅಂದರೆ ‘ದಾಲಾ ಇಜ್ಜಿ’, ಏನೂ ಇಲ್ಲ. ಸುಮ್ನೆ ಬಂದದ್ದು. ಸರಿ, ದೂರಿಲ್ಲ ಅಂತ ನಾನು ಬೇರೆ ಕೆಲಸಕ್ಕೆ ಕೂತೆ. ಕೆಲಸಕ್ಕೆ ಸೇರಿ ವರ್ಷ ತುಂಬದ ಒಬ್ಬಳು ಹುಡುಗಿ ಹೋಗಿ, ‘ಯಾವ ಬಸ್ಸಿಗೆ ಬಂದಿರಿ ಅಕ್ಕ?’ ಅಂತ ಕೇಳಿದಳು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಎರಡು ಬಸ್ಸು ಬದಲಾಯಿಸಿ ಯಾರಾದರೂ ಏನೂ ಇಲ್ಲ ಅಂತ ಹೇಳಲು ಪೊಲೀಸ್ ಠಾಣೆಗೆ ಬರುತ್ತಾರಾ? ನೀರು ಕೊಟ್ಟು, ಮಗು ಯಾವ ಕ್ಲಾಸು ಅಂತ ಮಾತು ಶುರು ಮಾಡಿ, ಅರ್ಧ ಗಂಟೆಯಲ್ಲಿ ಎಲ್ಲ ತಿಳಿದುಕೊಂಡಳು. ಸೆರಗು ಕೈಮೇಲೆ ಎಳೆದುಕೊಂಡದ್ದು ಯಾಕೆ ಅಂತಲೂ. ನಾನು ಹದಿಮೂರು ವರ್ಷ ಸರ್ವಿಸ್ ಆದವನು, ಸೆರಗು ನನಗೂ ಕಂಡಿತ್ತು. ಕಂಡದ್ದನ್ನು ಕೇಳಲಿಲ್ಲ.

ಈಗ ಕಾಲ ಬದಲಾಗಿದೆ. ಸಿವಿಲ್ ಪೊಲೀಸ್ ಆಫೀಸರ್, ಅಂದರೆ ಹಿಂದಿನ ಕಾನ್ಸ್‌ಟೇಬಲ್, ಆಗಲು ಪ್ಲಸ್ ಟು ಸಾಕು, ಬರುವವರಲ್ಲಿ ಬಿ.ಟೆಕ್., ಎಂ.ಬಿ.ಎ. ಆದವರೂ ಇದ್ದಾರೆ. ನನ್ನ ಕೊನೆಯ ವರ್ಷಗಳಲ್ಲಿ ಕೊಲ್ಲಂ ಕಡೆಯ ಒಬ್ಬ ಬಿ.ಟೆಕ್. ಹುಡುಗ ಜೊತೆಗಿದ್ದ. ಸಿ.ಸಿ.ಟಿ.ವಿ.ಯ ಹಳೆ ದೃಶ್ಯದ ಮೇಲೆ ಹೊಸದು ಬೀಳುತ್ತಾ ಹೋಗುತ್ತದೆ, ಮೊದಲ ದಿನವೇ ತೆಗೆದಿಡಬೇಕು, ಫೈಲನ್ನು ಆಮೇಲೆ ತಿದ್ದಿಲ್ಲ ಅಂತ ತೋರಿಸುವ ಹ್ಯಾಶ್ ವ್ಯಾಲ್ಯೂ ಬರೆದಿಡಬೇಕು, ಸರ್ಟಿಫಿಕೇಟ್ ಇಲ್ಲದಿದ್ದರೆ ಕೋರ್ಟು ಮುಟ್ಟುವುದಿಲ್ಲ ಎಂದೆಲ್ಲ ನನಗೆ ಕೂರಿಸಿ ಹೇಳಿಕೊಟ್ಟವನು ಅವನು. ನನಗಿಂತ ಮೂವತ್ತು ವರ್ಷ ಚಿಕ್ಕವನು. ನೋಟ್‌ಬುಕ್ ಇಟ್ಟುಕೊಂಡೇ ಕಲಿತೆ.

ಅದೇ ಹುಡುಗ ಒಮ್ಮೆ ಫೋನಿನ ಟವರ್ ನೋಡಿ, ‘ಆ ಹೊತ್ತಿಗೆ ಇವನು ಕರ್ನಾಟಕದಲ್ಲಿದ್ದ ಸಾರ್, ಬಿಟ್ಟುಬಿಡುವಾ’ ಅಂದ. ಆ ಊರು ಗಡಿಗೆ ತಾಗಿಕೊಂಡ ಗುಡ್ಡ. ಅಲ್ಲಿ ಅಡುಗೆ ಮನೆಯಲ್ಲಿ ಕೂತರೆ ಕೇರಳ, ಅಂಗಳಕ್ಕೆ ಬಂದರೆ ಫೋನು ಆಚೆಯ ಟವರ್ ಹಿಡಿಯುತ್ತದೆ. ರೋಮಿಂಗ್ ದುಡ್ಡು ಕಟ್ಟುತ್ತಿದ್ದ ಕಾಲದಲ್ಲಿ ಅಲ್ಲಿಯವರು ಮನೆಯೊಳಗೆ ಒಂದು ಮೂಲೆ ಹುಡುಕಿ ನಿಂತು ಮಾತಾಡುತ್ತಿದ್ದರು. ಅವನನ್ನು ಬೈಕಿನಲ್ಲಿ ಕರೆದುಕೊಂಡು ಹೋಗಿ ಅವನದೇ ಫೋನಿನಲ್ಲಿ ತೋರಿಸಿದೆ. ಐದು ಹೆಜ್ಜೆ ಹಿಂದೆ, ಐದು ಹೆಜ್ಜೆ ಮುಂದೆ. ಆಮೇಲೆ ಅವನು ಆ ಗುಡ್ಡದ ಒಂದೊಂದು ಮನೆ ಎದುರು ನಿಂತು ಯಾವ ಟವರ್ ಸಿಗುತ್ತದೆ ಅಂತ ಪಟ್ಟಿ ಮಾಡಿದ. ಅದು ನನಗೆ ಯಾವತ್ತೂ ಹೊಳೆಯದ ಕೆಲಸ.

ನಾನು ನಿವೃತ್ತನಾಗುವ ಹೊತ್ತಿಗೆ ಅವನು ಕನ್ನಡ ಅಕ್ಷರ ಕಲಿತಿದ್ದ. ತುಳು ಅರ್ಧಂಬರ್ಧ. ಮೊನ್ನೆ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. ಹಿಂದೆ ಠಾಣೆಯ ಗಲಾಟೆ ಕೇಳುತ್ತಿತ್ತು.

‘ಸಾರ್, ದೀತೆ, ದೆತ್ತೆ, ಎರಡೂ ಒಂದೇನಾ?’

‘ಅಲ್ಲ ಮಾರಾಯ. ಒಂದು ಇಟ್ಟದ್ದು, ಒಂದು ತೆಗೆದದ್ದು. ಅವನು ಯಾವುದು ಹೇಳಿದ?’

ಸ್ವಲ್ಪ ಹೊತ್ತು ಮಾತಿಲ್ಲ. ‘ಈಗ ಸಂಶಯ ಬರ್ತಾ ಉಂಟು ಸಾರ್.’

‘ಹಾಗಾದರೆ ಪೆನ್ನು ಕೆಳಗಿಡು. ಇನ್ನೊಮ್ಮೆ ಹೇಳಿಸು.’