ಕರುಳಿನ ನಾಳಕ್ಕೆ ರಬ್ಬರ್ ಹಾಲು: ಮೂರನೇ ಸಲ ಗೆದ್ದೆ

ಕೊನೆಗೂ ಆಯಿತು. ನಮ್ಮ ಅನಾಟಮಿ ಮ್ಯೂಸಿಯಂನ ದೊಡ್ಡ ಜಾಡಿಯಲ್ಲಿ ಈಗ ಒಂದು ಪೂರ್ತಿ ಕರುಳಿದೆ. ಅದರ ರಕ್ತನಾಳಗಳಿಗೆ ಬಣ್ಣ ಬೆರೆಸಿದ ರಬ್ಬರ್ ಹಾಲು ತುಂಬಿದ್ದೇನೆ. ಕೆಂಪು ಬಣ್ಣ ಕೂದಲೆಳೆಯಂಥ ವಾಸಾ ರೆಕ್ಟಾ (ಕರುಳಿನ ಗೋಡೆಗೆ ಹೋಗುವ ಕೊನೆಯ ಸಣ್ಣ ನಾಳಗಳು) ತನಕ ಹೋಗಿದೆ. "ಫಾರ್ಮಲಿನ್ (ದೇಹ ಕೆಡದಂತೆ ಹಾಕುವ ದ್ರವ) ಹಾಕಿದ ಬಾಡಿಯಲ್ಲಿ ಲೇಟೆಕ್ಸ್ (ರಬ್ಬರ್ ಹಾಲು) ಓಡಲ್ಲ, ಸುಮ್ನೆ ಪ್ಲಾಸ್ಟಿಕ್ ಮಾಡೆಲ್ ತರಿಸಿ" ಅಂದಿದ್ದವರೇ ಬಂದು ಫೋಟೋ ತೆಗೆದುಕೊಂಡು ಹೋದರು.

ಮೊದಲು ಸೋತಿದ್ದು ಜೆಲಾಟಿನ್‌ನಲ್ಲಿ. ಪೋಸ್ಟರ್ ಬಣ್ಣ ಬೆರೆಸಿ ಬಿಸಿಯಾಗಿಯೇ ಬಿಟ್ಟೆ. ದೊಡ್ಡ ಕವಲುಗಳು ತುಂಬುವಷ್ಟರಲ್ಲಿ ಆರಿ ಹೆಪ್ಪಾಯಿತು. ಎರಡು ತಿಂಗಳಲ್ಲಿ ಜಾಡಿಯ ನೀರೆಲ್ಲ ಗುಲಾಬಿ.

ಎರಡನೇ ಸಲ ಪುತ್ತೂರು ಕಡೆಯಿಂದ ಅಮೋನಿಯಾ ಹಾಕಿದ ರಬ್ಬರ್ ಹಾಲು ತರಿಸಿದೆ, 5 ಲೀಟರ್. ಕ್ಯಾನು, ಬಸ್ ಚಾರ್ಜು ಸೇರಿ ಸುಮಾರು 1,800 ರೂಪಾಯಿ, ನನ್ನ ಜೇಬಿನದೇ. ಸಣ್ಣ ಕರುಳಿಗೆ ಮತ್ತು ದೊಡ್ಡ ಕರುಳಿನ ಮೊದಲರ್ಧಕ್ಕೆ ರಕ್ತ ಕೊಡುವ ಸುಪೀರಿಯರ್ ಮೆಸೆಂಟೆರಿಕ್ ಆರ್ಟರಿಗೆ ಫೀಡಿಂಗ್ ಟ್ಯೂಬ್ ಕಟ್ಟಿ, 50 ಎಂಎಲ್ ಸಿರಿಂಜಿನಲ್ಲಿ ತಳ್ಳಿದೆ. 30 ಎಂಎಲ್ ಹೋಗುವುದರೊಳಗೆ ಕಲ್ಲಿನ ಹಾಗೆ ನಿಂತುಬಿಟ್ಟಿತು. ಸೀಳಿ ನೋಡಿದರೆ ಎರಡೇ ಇಂಚಿನಲ್ಲಿ ರಬ್ಬರ್ ಮುದ್ದೆ. ನಾಳದಲ್ಲಿ ಉಳಿದಿದ್ದ ಫಾರ್ಮಲಿನ್ ಹಾಲನ್ನು ಒಡೆದಿತ್ತು. ದುಡ್ಡು ಹೋಗಿದ್ದಕ್ಕಿಂತ, ದೇಹದಾನದಿಂದ ಬಂದ ಕರುಳು ಹಾಳಾಯಿತಲ್ಲ ಅನ್ನುವುದು ಜಾಸ್ತಿ ನೋವು ಕೊಟ್ಟಿತು. ಆ ವಾರ ಸರಿಯಾಗಿ ನಿದ್ದೆ ಬರಲಿಲ್ಲ.

ಮೂರನೇ ಸಲ ಅವಸರ ಬಿಟ್ಟೆ. ಮೊದಲು ಬೆಚ್ಚಗಿನ ನೀರು, ಹೆಪ್ಪುಗಳು ಉದುರಿ ಬರುವುದು ನಿಲ್ಲುವ ತನಕ. ಆಮೇಲೆ ಅಮೋನಿಯಾ ಬೆರೆಸಿದ ನೀರು. ಎಷ್ಟು ಅಮೋನಿಯಾ ಅನ್ನುವುದು ನನ್ನ ಹತ್ತಿರವೇ ಇರಲಿ. ಹೊರಗೆ ಬರುವ ನೀರಿಗೆ ಕೆಂಪು ಲಿಟ್ಮಸ್ ಹಿಡಿಯಿರಿ, ನೀಲಿಗೆ ತಿರುಗುವ ತನಕ ಬಿಡಬೇಡಿ. ಬಣ್ಣಕ್ಕೆ ಪೇಂಟ್ ಅಂಗಡಿಯ ಸ್ಟೈನರ್. ಹಾಲನ್ನು ಹಳೆ ಪಂಚೆಯಲ್ಲಿ ಎರಡು ಸಲ ಸೋಸಿದೆ. 120 ಎಂಎಲ್ ಆಸುಪಾಸು ಹೋಯಿತು, ಮುಕ್ಕಾಲು ಗಂಟೆ ಹಿಡಿಯಿತು. ಸೋರಿದ ಕಡೆಯೆಲ್ಲ ಆರ್ಟರಿ ಫಾರ್ಸೆಪ್ಸ್ (ನಾಳ ಹಿಡಿಯುವ ಚಿಮಟ) ಹಾಕಿದೆ.

ಒಂದು ಕೆಲಸ ಬೇಕೆಂದೇ ಮಾಡಿದ್ದೆ. ದೊಡ್ಡ ಕರುಳಿನ (ಕೊಲೊನ್) ಎಡಭಾಗಕ್ಕೆ ರಕ್ತ ಕೊಡುವ ಇನ್ಫೀರಿಯರ್ ಮೆಸೆಂಟೆರಿಕ್ ಆರ್ಟರಿಯನ್ನು ಬುಡದಲ್ಲೇ ದಾರ ಹಾಕಿ ಕಟ್ಟಿದ್ದೆ. ಕೆಂಪು ಸುಪೀರಿಯರ್‌ನ ಕವಲಾದ ಮಿಡಲ್ ಕಾಲಿಕ್ ದಾಟಿತು, ಕೊಲೊನ್ ಅಂಚಿನಲ್ಲೇ ಸಾಗುವ ಮಾರ್ಜಿನಲ್ ಆರ್ಟರಿ ಹಿಡಿದು, ಗುಲ್ಮದ ಹತ್ತಿರ ಕೊಲೊನ್ ಕೆಳಕ್ಕೆ ತಿರುಗುವ ಸ್ಪ್ಲೆನಿಕ್ ಫ್ಲೆಕ್ಸರ್‌ಗೆ ಬಂತು. ಎರಡು ಮೆಸೆಂಟೆರಿಕ್‌ಗಳ ಕವಲುಗಳು ಕೂಡುವ ಗ್ರಿಫಿತ್ಸ್ ಪಾಯಿಂಟ್ ಅಲ್ಲೇ ಅಲ್ವಾ, ಕೆಲವರಲ್ಲಿ ಆ ಜೋಡಣೆ ಇರುವುದೇ ಇಲ್ಲ. ಉಸಿರು ಹಿಡಿದು ನಿಂತಿದ್ದೆ. ಇದರಲ್ಲಿ ನೂಲಿನಷ್ಟು ಸಣ್ಣದಿತ್ತು, ಆದರೂ ದಾಟಿತು. ಇನ್ಫೀರಿಯರ್‌ನ ಕವಲಾದ ಎಡ ಕಾಲಿಕ್ ಹಿಮ್ಮುಖವಾಗಿ ತುಂಬುತ್ತಾ ಸಿಗ್ಮಾಯ್ಡ್ (ಕೊಲೊನ್‌ನ ಕೊನೆಯ ಭಾಗ) ತನಕ ಹೋಯಿತು. ಸರ್ಜನ್‌ಗಳು ಇನ್ಫೀರಿಯರ್ ಮೆಸೆಂಟೆರಿಕ್ ಕಟ್ಟಿದರೂ ಎಡಗಡೆ ಕೊಲೊನ್ ಬದುಕುವುದು ಹೇಗೆ ಅಂತ ಕೇಳುವ ಮಕ್ಕಳಿಗೆ ಈಗ ಬೋರ್ಡ್ ಬೇಡ, ಜಾಡಿಯೇ ಸಾಕು. ಪ್ಯಾಂಕ್ರಿಯಾಸ್ ತಲೆಯ ಸುತ್ತಲಿನ ನಾಳದ ಕಮಾನಿನಿಂದ ಜಠರದ ಕಡೆಯ ನಾಳವಾದ ಗ್ಯಾಸ್ಟ್ರೊಡ್ಯುಯೊಡಿನಲ್‌ಗೂ ಕೆಂಪು ಹತ್ತಿತ್ತು, ಅದು ನಾನು ಕೇಳದೇ ಸಿಕ್ಕಿದ್ದು.

ಕರುಳಿನ ರಕ್ತವನ್ನು ಯಕೃತ್ತಿಗೆ ಒಯ್ಯುವ ಪೋರ್ಟಲ್ ವೇನ್ ಸುಲಭ. ವಾಲ್ವ್ (ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ) ಇಲ್ಲ, ಬುಡದಿಂದ ಹಿಂದಕ್ಕೆ ನೀಲಿ ತಳ್ಳಿದರೆ ತಾನೇ ಓಡುತ್ತದೆ. ರಬ್ಬರ್ ಕ್ಯಾಪಿಲರಿ (ಆರ್ಟರಿ, ವೇನ್ ನಡುವಿನ ಅತಿ ಸಣ್ಣ ನಾಳ) ದಾಟದ ಕಾರಣ ಎರಡು ಬಣ್ಣ ಬೆರೆಯಲೂ ಇಲ್ಲ.

ಲಿಂಫ್ ನಾಳಗಳಿಗೆ (ಅಂಗಾಂಶದ ತಿಳಿ ದ್ರವ ಒಯ್ಯುವ ನಾಳಗಳು) ಮಾತ್ರ ಮೂರು ಭಾನುವಾರ ಕಳೆದೆ. ಮಟನ್ ಅಂಗಡಿಯಿಂದ ಆಡಿನ ಬೋಟಿ ಬಿಸಿ ಇರುವಾಗಲೇ ತಂದೆ. 1896ರಲ್ಲಿ ರೊಮೇನಿಯಾದ ಅನಾಟಮಿಸ್ಟ್ ಗೆರೋಟಾ ಹೇಳಿದ ಹಾಗೆ ಪ್ರಷ್ಯನ್ ನೀಲಿಯ ಆಯಿಲ್ ಪೇಂಟ್, ಟರ್ಪೆಂಟೈನ್, ಈಥರ್ ಸೇರಿಸಿದೆ. ಇನ್ಸುಲಿನ್ ಸೂಜಿಯಲ್ಲಿ ಸೆರೋಸಾ (ಕರುಳಿನ ಹೊರಪೊರೆ) ಕೆಳಗೆ ಒಂದು ಹನಿ. ನೀಲಿ ಗೆರೆಗಳು ಮೆಸೆಂಟ್ರಿಯ (ಕರುಳನ್ನು ಹಿಡಿದಿಡುವ ಪದರ) ಉದ್ದನೆ ಲಿಂಫ್ ನೋಡ್ (ಲಿಂಫ್ ಸೋಸುವ ಗಂಟು) ಕಡೆಗೆ ಓಡಿದ್ದು ನೋಡಬೇಕಿತ್ತು! ನೋಡ್ ಕಡೆಯಿಂದ ತಿರುಗಿ ತಳ್ಳಿದರೆ ಹನಿಯೂ ಹೋಗಲಿಲ್ಲ, ಇಲ್ಲಿ ವಾಲ್ವ್‌ಗಳಿವೆ. ಫಾರ್ಮಲಿನ್ ಹಿಡಿದ ಮನುಷ್ಯನ ಕರುಳಿನಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಅದಕ್ಕೆ ಜಾಡಿಯ ಕರುಳಿನಲ್ಲಿ ನೋಡ್‌ಗಳನ್ನು ಒಂದೊಂದಾಗಿ ಬಿಡಿಸಿದೆ. ಕರುಳಿನ ಅಂಚಿನವು, ಕಮಾನುಗಳ ನಡುವಿನವು, ಮೆಸೆಂಟೆರಿಕ್ ಆರ್ಟರಿಯ ಬುಡದವು, ಎಲ್ಲಕ್ಕೂ ಸಣ್ಣ ಬ್ರಷ್‌ನಲ್ಲಿ ಹಸಿರು ಬಳಿದೆ. ಎಣಿಸಿದಾಗ ಎಂಬತ್ತರ ಮೇಲಿತ್ತು.